ಸೀಟಿನ ಕೆಳಗಿನ ಪಿನ್ನು

ನನ್ನ ಗಂಡ ಸಿರಿಲ್‌ಗೆ ಕೊಳೆ ಹಚ್ಚುವುದೆಂದರೆ ಪ್ರಾಣ. ಮನೆಯ ಪಾತ್ರೆಯ ಕೊಳೆ ತೆಗೆಯಲು ಹೇಳಿ ನೋಡಿ, ತಕ್ಷಣ ಸೊಂಟನೋವು ಬರುತ್ತದೆ. ಅದೇ ಮೊಳದುದ್ದದ ಪ್ಲಾಸ್ಟಿಕ್ ವಿಮಾನದ ಕಾಕ್‌ಪಿಟ್ಟಿಗೆ ಕೊಳೆ ಹಚ್ಚಲು ಕೂತರೆ ಊಟದ ನೆನಪೂ ಇರುವುದಿಲ್ಲ. ಮೂಲೆಮೂಲೆಗೆ ತೆಳು ಕಪ್ಪು ಬಣ್ಣ ಇಳಿಬಿಡುತ್ತಾನೆ. ಬಣ್ಣ ಸವೆದು ಲೋಹ ಕಂಡ ಹಾಗೆ ಅಂಚುಗಳಿಗೆ ಬೆಳ್ಳಿ ಪೆನ್ಸಿಲ್ ತೀಡುತ್ತಾನೆ. ಪೈಲಟ್ಟಿನ ಬೂಟಿನ ಮಣ್ಣೆಂದು ನೆಲಕ್ಕೆ ಕಂದು ಪುಡಿ ಉಜ್ಜುತ್ತಾನೆ. ಬೆಂಕಿಪೊಟ್ಟಣದಷ್ಟು ಜಾಗಕ್ಕೆ ನಾಲ್ಕು ತಿಂಗಳು!

ಇಷ್ಟೆಲ್ಲ ಯಾಕೆಂದರೆ, ಇಂಗ್ಲೆಂಡಿನ ಲಿಂಕನ್‌ಶೈರಿನ ನಮ್ಮ ಪುಟ್ಟ ಊರಿನ ಮಾಡೆಲ್ ಕ್ಲಬ್ಬು ಪ್ರತಿ ನವೆಂಬರಿನಲ್ಲಿ ಚರ್ಚಿನ ಹಾಲಿನಲ್ಲಿ ಸ್ಪರ್ಧೆ ನಡೆಸುತ್ತದೆ. ಹನ್ನೊಂದು ವರ್ಷದಿಂದ ಸಿರಿಲ್ ಎರಡನೆಯವನು. ಹನ್ನೊಂದು ವರ್ಷದಿಂದ ಗೆದ್ದವರಿಗೆ ಕೊಡುವ ಬೆಳ್ಳಿ ಕಪ್ ಗಾಡ್‌ಫ್ರಿಯ ಮನೆಗೆ ಹೋಗುತ್ತದೆ. ಆತ ನಿವೃತ್ತ ದಂತವೈದ್ಯ. ಜನರ ಬಾಯೊಳಗೆ ಮೂವತ್ತು ವರ್ಷ ಕೈಯಾಡಿಸಿದವನಿಗೆ ಕಾಕ್‌ಪಿಟ್ಟು ಯಾವ ಮಹಾ?

ಈ ಸಲ ಸಿರಿಲ್ ಆರಿಸಿಕೊಂಡದ್ದು ನಮ್ಮೂರ ಪಕ್ಕದ ವಾಯುನೆಲೆಯಲ್ಲಿದ್ದ ಹಂಟರ್ ಯುದ್ಧವಿಮಾನ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಒಳಗೆ ಹಂದಿಗೂಡಿನ ಹಾಗೆ ಕೆಸರು.

"ಏನಿದು, ಇದರಲ್ಲಿ ಆಲೂಗಡ್ಡೆ ಸಾಗಿಸ್ತಿದ್ರಾ?"

"ನಿಂಗೆ ಗೊತ್ತಾಗಲ್ಲ ಡೋರೀನ್. ಪುಸ್ತಕದಲ್ಲಿ ಹೀಗೇ ಇದೆ."

ನನಗೆ ಗೊತ್ತಾಗುವುದಿಲ್ಲವಂತೆ! ಮದುವೆಗೆ ಮುಂಚೆ ನಾನು ಅದೇ ನೆಲೆಯಲ್ಲಿ ಎರಡು ವರ್ಷ, ಅದೇ ವಿಮಾನಗಳ ಗಡಿಯಾರ, ಮುಳ್ಳು, ಗಾಜು ನೋಡಿಕೊಳ್ಳುವ ಕೆಲಸ ಮಾಡಿದವಳು. ಈ ಮಹಾನುಭಾವ ಮೂವತ್ತಮೂರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಟೈಪಿಸ್ಟ್ ಆಗಿದ್ದೆ ಅಂದುಕೊಂಡಿದ್ದನಂತೆ. ಹೊಟ್ಟೆ ಉರಿಯುವುದಿಲ್ಲವೇ?

ಮಾತು ಹೊರಬಿದ್ದದ್ದು ಒಂದು ಭಾನುವಾರ. ವಿಮಾನದ ಸ್ಟಿಕ್ಕು, ಅಂದರೆ ಪೈಲಟ್ ಹಿಡಿದು ವಿಮಾನ ತಿರುಗಿಸುವ ಕೋಲು, ಅಕ್ಕಿಕಾಳಿನಷ್ಟು ಉದ್ದದ್ದು, ಚಿಮಟದಿಂದ ಸಿಡಿದು ಕಾರ್ಪೆಟ್ಟಿಗೆ ಬಿತ್ತು. ಅದು ಒಳಗೆ ಹೋಗದಿರಲೆಂದು ಧೂಳೆಳೆಯುವ ಯಂತ್ರದ ಮೂತಿಗೆ ನನ್ನ ಹಳೇ ಕಾಲುಚೀಲ ಕಟ್ಟಿ ಇಬ್ಬರೂ ಅಂಬೆಗಾಲಿನಲ್ಲಿ ಹುಡುಕಿದೆವು. ನನಗೆ ನಗು ತಡೆಯಲಾಗಲಿಲ್ಲ.

"ಅರವತ್ತೊಂದನೇ ಇಸವೀಲಿ ನನ್ನ ಹೇರ್‌ಪಿನ್ನು ಕಳೆದಾಗ್ಲೂ ಹೀಗೇ ಹುಡುಕಿದ್ರು. ಹಂಟರ್ ಕಾಕ್‌ಪಿಟ್ಟಲ್ಲಿ. ಮೂರು ದಿನ!"

ವಿಮಾನದೊಳಗೆ ಏನೇ ಕಳೆದರೂ ಅದು ಸಿಗುವವರೆಗೆ ವಿಮಾನ ಏಳುವಂತಿಲ್ಲ. ಸ್ಟಿಕ್ಕಿನ ಬುಡಕ್ಕೆ ಸಿಕ್ಕಿಕೊಂಡರೆ ಪೈಲಟ್ಟಿನ ಕಥೆ ಮುಗಿದ ಹಾಗೆ. ನಾನು ಒಳಗೆ ಕೆಲಸ ಮುಗಿಸಿ ಇಳಿದಾಗ ತಲೆಯಲ್ಲಿ ಒಂದು ಪಿನ್ನು ಕಡಿಮೆಯಿತ್ತು, ಸಾರ್ಜೆಂಟ್ ಟಾಲ್ಬಟ್ ಅವರಿಗೆ ಹೇಳಿದೆ, ಅವರು ಸೀಟು ಬಿಚ್ಚಿಸಿದರು, ಹದಿನಾರು ಜನರ ಕ್ರಿಸ್‌ಮಸ್ ರಜೆ ರದ್ದಾಯಿತು. ಇಷ್ಟು ಸಿರಿಲ್‌ಗೆ ಹೇಳಿದೆ. ನಾಲ್ಕನೆಯ ದಿನ ಅದೇ ಪಿನ್ನು ನನ್ನ ಸ್ವೆಟರಿನ ತೋಳಿನ ಮಡಿಕೆಯಲ್ಲಿ ಸಿಕ್ಕಿದ್ದನ್ನೂ, ನಾನದನ್ನು ಯಾರಿಗೂ ಹೇಳದೆ ಒಲೆಗೆ ಹಾಕಿದ್ದನ್ನೂ ಹೇಳಲಿಲ್ಲ. ಇಪ್ಪತ್ತರ ಹುಡುಗಿ, ಹದಿನಾರು ಗಂಡಸರ ಸಿಟ್ಟು. ಎಲ್ಲಿಂದ ಬರಬೇಕು ಧೈರ್ಯ?

ಸಿರಿಲ್ ಬಾಯಿ ತೆರೆದು ಕೂತಿದ್ದ. "ನೀನು... ಅದರಲ್ಲಿ ಕೂತಿದ್ದೀಯಾ?"

ಅವತ್ತಿನಿಂದ ಪುಸ್ತಕ ಮೂಲೆಗೆ ಹೋಯಿತು. ಎಲ್ಲಾ ನನ್ನ ಮಾತೇ. ಕೆಸರು ಹೋಯಿತು, ಯಾಕೆಂದರೆ ನಾವು ದಿನಾ ಒರೆಸುತ್ತಿದ್ದೆವು. ಪೈಲಟ್ ಹತ್ತುವ ಎಡ ಅಂಚಿನಲ್ಲಿ ಮಾತ್ರ ಬಣ್ಣ ಸವೆದಿತ್ತು, ಅಲ್ಲಷ್ಟೇ ಬೆಳ್ಳಿ ಪೆನ್ಸಿಲ್. ನನಗೋ, ಕೊನೆಗೂ ಕೇಳಿದನಲ್ಲ ಎಂಬ ಹಿಗ್ಗು. ಆ ಹಿಗ್ಗಿನಲ್ಲೇ ಮೋಸ ಹೋದೆ. ಒಂದು ದಿನ ಕರೆದು ಭೂತಗನ್ನಡಿ ಕೊಟ್ಟ. ಸೀಟಿನ ಕೆಳಗೆ ಸಾಸಿವೆ ಕಾಳಿನುದ್ದದ ತಂತಿ, ಎರಡಾಗಿ ಮಡಚಿದ್ದು.

"ನಿನ್ನ ಪಿನ್ನು," ಎಂದ, ಮಗುವಿನ ಹಾಗೆ ನಗುತ್ತಾ. ಪಕ್ಕದಲ್ಲಿಡುವ ಚೀಟಿಯನ್ನೂ ಬರೆದಿದ್ದ: 'ಡಿಸೆಂಬರ್ 1961, ಪಿನ್ನು ಕಳೆದ ದಿನ. ಮಾಹಿತಿ: ನನ್ನ ಹೆಂಡತಿ, ಕಣ್ಣಾರೆ ಕಂಡವಳು.' ಇದನ್ನು ನೋಡಿ ಯಾವ ಬಾಯಲ್ಲಿ ಇಲ್ಲ ಅನ್ನಲಿ?

ಸ್ಪರ್ಧೆಯ ದಿನ ನಾನು ಚಹಾದ ಮೇಜಿನಲ್ಲಿದ್ದೆ. ಈ ಸಲದ ಮುಖ್ಯ ತೀರ್ಪುಗಾರರು ಕೋಲೂರಿಕೊಂಡು ಒಳಗೆ ಬಂದರು. ನನ್ನ ಕೈಯಲ್ಲಿದ್ದ ಚಹಾದಲ್ಲಿ ಅರ್ಧ, ಮೊಟ್ಟೆಯ ಸ್ಯಾಂಡ್‌ವಿಚ್ಚುಗಳ ಮೇಲೆ ಹೋಯಿತು. ಸಾಕ್ಷಾತ್ ಸಾರ್ಜೆಂಟ್ ಟಾಲ್ಬಟ್! ಎಪ್ಪತ್ತು ದಾಟಿದ್ದರೂ ಅದೇ ಹುಬ್ಬು. ನರೆತ ಕೂದಲಿನ ನನ್ನ ಗುರುತು ಅವರಿಗೆ ಹತ್ತಲಿಲ್ಲ.

ಟಾರ್ಚು ಹಿಡಿದು ಒಂದೊಂದೇ ಕಾಕ್‌ಪಿಟ್ಟು ನೋಡುತ್ತಾ ಸಿರಿಲ್‌ನದಕ್ಕೆ ಬಂದರು. ಬಗ್ಗಿದವರು ಏಳಲೇ ಇಲ್ಲ. ಪಕ್ಕದ ಮೇಜಿನಿಂದ ಗಾಡ್‌ಫ್ರಿ ಕತ್ತು ಚಾಚಿದ.

"ಒಳಗೆ ಏನೋ ಬಿದ್ದಿದೆ ಅಲ್ವಾ? ಕಾಕ್‌ಪಿಟ್ಟಲ್ಲಿ ಬಿಡಿ ವಸ್ತು ಇದ್ರೆ ಎರಡು ಅಂಕ ಕಡಿತ. ನಿಯಮ ಬರೆದೋನೇ ನಾನು."

"ಬಿದ್ದಿದ್ದಲ್ಲ, ಇಟ್ಟಿದ್ದು," ಎಂದ ಸಿರಿಲ್. "ಚೀಟಿ ಓದಿ."

ಸಾರ್ಜೆಂಟ್ ಚೀಟಿ ಓದಿದರು. ಮುಖ ಬಿಳಿಚಿತು.

"ಇದು ತಪ್ಪು," ಎಂದರು. "ಆ ಸೀಟು ಬಿಚ್ಚಿಸಿದ್ದೇ ನಾನು. ಇಂಚಿಂಚೂ ನೋಡಿದೀನಿ, ಅಲ್ಲಿರ್ಲಿಲ್ಲ. ಎಲ್ಲೂ ಇರ್ಲಿಲ್ಲ. ಕೊನೆಗೆ ಮೇಲಿನವರು ಹಾರೋಕೆ ಬಿಡು ಅಂದ್ರು. ಸಹಿ ಹಾಕ್ದೋನು ನಾನು. ಆಮೇಲೆ ಅದು ಹಾರಿದಾಗೆಲ್ಲ, ಇಳಿಯೋ ತನಕ ರನ್‌ವೇ ಹತ್ರ ನಿಂತಿರ್ತಿದ್ದೆ. ಒಳಗೆ ಒಬ್ಬ ಹುಡುಗ ಕೂತಿರ್ತಿದ್ನಲ್ಲಪ್ಪಾ. ಈಗ್ಲೂ ಕನಸಲ್ಲಿ ಹುಡುಕ್ತೀನಿ."

"ಹಾಗಾದ್ರೆ ಚೀಟಿನೇ ಸುಳ್ಳು," ಎಂದ ಗಾಡ್‌ಫ್ರಿ.

ಸಿರಿಲ್ ಕೆಂಪಾದ. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನನ್ನ ಹೆಂಡತಿ ಸುಳ್ಳು ಹೇಳೋಳಲ್ಲ."

ಕಪ್ ಹೋಗುತ್ತದೆ, ಗಂಡನ ಮುಂದೆ ಮಾನವೂ ಹೋಗುತ್ತದೆ, ಗೊತ್ತಿತ್ತು. ಆದರೆ ಆ ಮುದುಕರ ಮುಖ ನೋಡಲಾಗಲಿಲ್ಲ. ಕೈಯೊರೆಸಿಕೊಂಡು ಹೋಗಿ ನೆಟ್ಟಗೆ ನಿಂತೆ. ನೆಲೆಯಲ್ಲಿ ಎಲ್ಲರೂ ಕರೆಯುತ್ತಿದ್ದ ನನ್ನ ತವರಿನ ಹೆಸರೇ ಬಾಯಿಗೆ ಬಂತು.

"ಸಾರ್ಜೆಂಟ್, ನಾನು ಹ್ಯಾಡ್ಲಿ. ಪಿನ್ನು ವಿಮಾನದಲ್ಲಿ ಬಿದ್ದೇ ಇರ್ಲಿಲ್ಲ. ನನ್ನ ಸ್ವೆಟರ್ ತೋಳಲ್ಲಿತ್ತು. ನಾಲ್ಕನೇ ದಿನ ಸಿಕ್ತು. ಹೆದರಿ ಹೇಳ್ಲಿಲ್ಲ."

ಸಿರಿಲ್ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಹ್ಯಾಡ್ಲಿ," ಎಂದರು ಸಾರ್ಜೆಂಟ್ ಮೆಲ್ಲಗೆ. "ಅದು ನನ್ನ ಮಗಳ ಮೊದಲನೇ ಕ್ರಿಸ್‌ಮಸ್ಸು." ಆಮೇಲೆ ಹಳೇ ದನಿಯಲ್ಲಿ ಗುಡುಗಿದರು: "ಅಂಕ ಬರೆಯೋ ತನಕ ತಿದ್ದೋಕೆ ಅವಕಾಶ ಇದೆ. ಇಲ್ಲದ ಪಿನ್ನು ಅಲ್ಲಿ ಇರಕೂಡದು. ತೆಗಿ!"

ಚಿಮಟ ಹಿಡಿದೆ. ಅಂಟು ಬಿಟ್ಟಿತು, ಪಿನ್ನು ಮೇಲೆ ಬಂತು. ಚಿಮಟ ಜಾರಿತು. ಪಿನ್ನು ಟಣ್ಣೆಂದು ಸಿಡಿದು ಎಲ್ಲೋ ಹೋಯಿತು.

"ಬಾಗಿಲು ಹಾಕಿ!" ಎಂದು ಕೂಗಿದರು ಸಾರ್ಜೆಂಟ್. "ಸಿಗೋ ತನಕ ಒಬ್ಬರೂ ಹೊರಗೆ ಹೋಗೋ ಹಾಗಿಲ್ಲ. ಹ್ಯಾಡ್ಲಿ, ನೀನು ಮೊದಲು ತೋಳಿನ ಮಡಿಕೆ ಬಿಚ್ಚು!"

ಬಿಚ್ಚಿದೆ. ಇರಲಿಲ್ಲ. ಊರಿನ ನಲವತ್ತು ಗಣ್ಯರು ಅಂಬೆಗಾಲಿಗೆ ಬಿದ್ದರು. ಪಾದ್ರಿಗಳು ಮೇಜಿನ ಕೆಳಗೆ ತಲೆ ಕುಟ್ಟಿಸಿಕೊಂಡರು. ಚರ್ಚಿನ ಧೂಳೆಳೆಯುವ ಯಂತ್ರದ ಮೂತಿಗೆ ಕಟ್ಟಲು ನಾನು ಕಾಲುಚೀಲ ಬಿಚ್ಚಿಕೊಟ್ಟೆ, ನಾಚಿಕೆಗೆ ಇನ್ನೇನು ಉಳಿದಿತ್ತು? ಗಾಡ್‌ಫ್ರಿ ಮಾತ್ರ ಕೈಕಟ್ಟಿ ನಿಂತಿದ್ದ. ಸಾರ್ಜೆಂಟ್ ಅವನ ಜೇಬಿನಿಂದ ಇಣುಕುತ್ತಿದ್ದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಕಿತ್ತುಕೊಂಡು ಪಕ್ಕದ ಮೇಜಿನ ವಿಮಾನಗಳನ್ನು ಒಂದೊಂದಾಗಿ ಹೊಕ್ಕು ನೋಡಿದರು. ಮುಕ್ಕಾಲು ಗಂಟೆ.

"ಸಿಕ್ತು!"

ಗಾಡ್‌ಫ್ರಿಯ ವಿಮಾನದೊಳಗೆ. ಸೀಟಿನ ಕೆಳಗೆ.

ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಗೊಳೋ ಎಂದು ಅತ್ತೆ. ಸಿರಿಲ್ ಬಣ್ಣ ಮೆತ್ತಿದ ಕರವಸ್ತ್ರ ಕೊಟ್ಟು, "ಮೂವತ್ತೈದು ವರ್ಷ ಒಬ್ಬಳೇ ಇಟ್ಕೊಂಡಿದ್ಯಾ, ಹುಚ್ಚಿ," ಎಂದ.

"ಬಿಡಿ ವಸ್ತು ಇದ್ರೆ ಎರಡು ಅಂಕ ಅಂದ್ರಲ್ಲ?" ಎಂದರು ಸಾರ್ಜೆಂಟ್, ಗಾಡ್‌ಫ್ರಿಗೆ. ಸಿರಿಲ್ ಒಂದು ಅಂಕದಿಂದ ಗೆದ್ದ.

ಹೊರಡುವ ಮುಂಚೆ ಸಾರ್ಜೆಂಟ್ ಆ ಚೀಟಿ ತಿರುಗಿಸಿ ಹಿಂದೆ ಬರೆದರು: 'ಕಳೆದ ವಸ್ತು ಸಿಕ್ಕಿದೆ. ವಿಮಾನ ಹಾರಬಹುದು.' ಸಹಿ ಹಾಕಿ, ನನ್ನಿಂದಲೂ ಹಾಕಿಸಿದರು.

"ಹ್ಯಾಡ್ಲಿ, ಈ ಕ್ರಿಸ್‌ಮಸ್‌ಗೆ ನಿನಗೆ ರಜೆ ಇಲ್ಲ."

"ಸರಿ, ಸಾರ್ಜೆಂಟ್."

ಇರಲಿಲ್ಲ. ಅವರು, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ನಮ್ಮ ಮನೆಗೇ ಬಂದರು. ಟರ್ಕಿ ಕೋಳಿ ಬೇಯಿಸಿದ್ದು ನಾನು, ಅಷ್ಟೂ ತಟ್ಟೆ ತೊಳೆದದ್ದು ನಾನು. ಸಿರಿಲ್‌ಗೆ ಸೊಂಟನೋವು ಬಂದಿತ್ತು.