ಎಡಗೈಯ ಕತ್ತಿ

"ಏನೇ ಎಡಚಿ, ಇದು ಕತ್ತಿಯೋ ನಿನ್ನ ನಾಲಿಗೆಯೋ? ಇಷ್ಟುದ್ದ ಇದೆ!"

ಠಾಣೆಯ ಸಾಹೇಬ ಹೀಗಂದದ್ದೇ ತಡ, ಸಾಲಲ್ಲಿ ನಿಂತಿದ್ದ ಮೀನು ಕುಯ್ಯುವ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪೇದೆ ಮರದ ಸ್ಕೇಲನ್ನು ಅಲಗಿನ ಪಕ್ಕಕ್ಕೆ ಇಟ್ಟ. ಎಂಟು ಇಂಚು. ಹೊಸ ಕಾನೂನು ಆರರ ಮೇಲೆ ಒಂದು ಗೆರೆಯನ್ನೂ ಒಪ್ಪುತ್ತಿರಲಿಲ್ಲ.

"ಆರಿಂಚಲ್ಲಿ ಸಣ್ಣ ಮೀನು ಕುಯ್ಯಬಹುದು ಸ್ವಾಮಿ. ನನ್ನ ತೊಡೆಗಾತ್ರದ್ದು ಬರುತ್ತಲ್ಲ, ಅದಕ್ಕೇನು ಹಲ್ಲು ಹಾಕ್ಲಾ?"

"ಹಾಕು. ನಿನ್ನಂಥವರಿಗೆ ಅದೇನು ಹೊಸದಾ?"

ಪೇದೆ ಕತ್ತಿಯನ್ನು ಡ್ರಮ್ಮಿಗೆ ಎಸೆದ. ಅದು ಬಿದ್ದ ಸದ್ದು ಎಡಚಿಯ ಹಲ್ಲಿನ ಬುಡದ ತನಕ ಹೋಯಿತು.

ಆ ಮಾರುಕಟ್ಟೆಯ ಕತ್ತಿಗಳಿಗೆಲ್ಲ ಸಾಣೆ ಹಿಡಿಯುವುದು ಒಂದೇ ಮೈಗೆ, ಬಲಗೈಗೆ ಹೊಂದುವ ಹಾಗೆ. ಅಂಥದ್ದನ್ನು ಎಡಗೈಯಲ್ಲಿ ಹಿಡಿದರೆ ಅಲಗು ಮುಳ್ಳಿನಿಂದ ಜಾರಿ ಹೆಬ್ಬೆರಳಿಗೇ ಬರುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ, ಸೊಸೆ ಎಡಚಿ ಅಂತ ಊರೆಲ್ಲ ಆಡಿಕೊಂಡಾಗ, ಅತ್ತೆ ಯಾರಿಗೂ ಹೇಳದೆ ಕಮ್ಮಾರನ ಹತ್ತಿರ ಹೋಗಿ ತಿರುಗಾ ಸಾಣೆ ಹಿಡಿಸಿ ತಂದ ಕತ್ತಿ ಅದು. ಹಿಡಿಯಲ್ಲಿ ಎಡಚಿಯ ಹೆಬ್ಬೆರಳು ಒತ್ತಿ ಒತ್ತಿ ಒಂದು ಗುಳಿಯೇ ಬಿದ್ದಿತ್ತು. ಅತ್ತೆ ಈಗಿಲ್ಲ, ಆ ಕಮ್ಮಾರನೂ ಇಲ್ಲ.

ಎಡಚಿಯ ಹಿಂದೆ ನಿಂತಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಅವಳ ಕತ್ತಿ ಏಳೂವರೆ ಇಂಚು.

"ಇವಳಿಗೊಂದು ಬಿಲ್ಲೆ ಬರ್ಕೊಡಿ," ಅಂದ ಸಾಹೇಬ. ದನಿಗೆ ಬೆಣ್ಣೆ ಹಚ್ಚಿದ ಹಾಗಿತ್ತು. ದಿನಾ ಬೆಳಗ್ಗೆ ಅವನ ಮನೆಯ ಹಿಂಬಾಗಿಲಿಗೆ ಹೋಗಿ ಮೀನು ಕುಯ್ದು ಕೊಟ್ಟು ಬರುವವಳು ಇವಳೇ ತಾನೆ.

ಹಿತ್ತಾಳೆಯ ಬಿಲ್ಲೆ. ಎದೆಗೆ ಸಿಕ್ಕಿಸಿಕೊಂಡರೆ ಉದ್ದ ಕತ್ತಿಯಾದರೂ ಕೇಳುವವರಿಲ್ಲ.

ಅವತ್ತಿಂದ ಎಡಚಿಯ ಹೊಟ್ಟೆಯೊಳಗೆ ಒಂದು ಕೆಂಡ ಕೂತಿತು. ಇಬ್ಬರದೂ ಒಂದೇ ಮನೆ, ಅಡುಗೆಮನೆಗಳ ನಡುವೆ ಒಂದು ಹಲಗೆ ಗೋಡೆ. ಗಂಡಂದಿರಿಬ್ಬರೂ ದೋಣಿಯಲ್ಲಿ, ವಾರಕ್ಕೊಮ್ಮೆ ದಡ ಕಾಣುವವರು. ಬೆಳಗಾದರೆ ಗೋಡೆಯಾಚೆ ಬೂದಿ ಹಾಕಿ ಬಿಲ್ಲೆ ತಿಕ್ಕುವ ಸದ್ದು. ಪಾತ್ರೆ ತಿಕ್ಕಲು ಮೈಗಳ್ಳಿ, ಬಿಲ್ಲೆ ಮಾತ್ರ ಫಳಫಳ!

ಮಾರುಕಟ್ಟೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ ವಾರಗಿತ್ತಿ, ಕೆಳಗೆ ಎಡಚಿ. ಚಮಚದಲ್ಲಿ ಹುರುಪೆ ಕೆರೆದು, ಬೆರಳು ಹಾಕಿ ಕರುಳು ಕಿತ್ತು, ಮೀನನ್ನು ಮೇಲಕ್ಕೆ ಕೊಡಬೇಕು. ಅವಳು ಕುಯ್ಯುತ್ತಾಳೆ. ಕಿವಿರಿನ ಮುಳ್ಳು ಚುಚ್ಚಿ ಎಡಚಿಯ ಉಗುರಿನ ಸಂದೆಲ್ಲ ಕೀವು. "ಎಡಚಿ ಎಲ್ಲಿ, ಅವಳೇ ಕುಯ್ಯಲಿ," ಅಂತ ಕಾದು ನಿಲ್ಲುತ್ತಿದ್ದ ಗಿರಾಕಿಗಳು ಈಗ, "ಬಿಲ್ಲೆಯಮ್ಮ ಬಂದಿಲ್ವಾ?" ಅನ್ನುತ್ತಿದ್ದರು.

"ಅಕ್ಕಾ, ಸ್ವಲ್ಪ ಆ ಕಡೆ ಸರೀತೀರಾ? ನೀರು ಸುರೀತೀನಿ," ಅನ್ನುತ್ತಿದ್ದಳು ವಾರಗಿತ್ತಿ.

ಬೈದಿದ್ದರೆ ವಾಸಿಯಿತ್ತು. ಆ 'ಅಕ್ಕಾ' ಅನ್ನುವುದು, ಆ ಮೆತ್ತಗಿನ ದನಿ, ಅದೇ ಸುಡುತ್ತಿತ್ತು. ಸರಿಯಬೇಕಂತೆ. ಇವಳಿಗೆ ಮೀನಿನ ತಲೆ ಯಾವುದು ಬಾಲ ಯಾವುದು ಅಂತ ತೋರಿಸಿಕೊಟ್ಟವಳು ಯಾರು?

ಈ ಕಾನೂನಿಗೆಲ್ಲ ಮೂಲ ಒಬ್ಬ ಹಮಾಲಿಯ ಸಾವು. ಗುತ್ತಿಗೆದಾರನ ಬಂಟ, ಜನ 'ಗೂಳಿ' ಅನ್ನುತ್ತಿದ್ದ ಆಸಾಮಿ, ಬುಟ್ಟಿ ಇಳಿಸುವ ಜಗಳದಲ್ಲಿ ಹಮಾಲಿಯ ಹೊಟ್ಟೆಗೆ ಚೂರಿ ಹಾಕಿದ್ದ. ಸಾಕ್ಷಿ ಸಿಗಲಿಲ್ಲ ಅಂತ ಅವನು ಹೊರಗೆ ಬಂದ. ಕಾನೂನು ಮಾತ್ರ ಕುಯ್ಯುವ ಹೆಂಗಸರ ಮನೆ ಮನೆಗೂ ಬಂತು. ಗೂಳಿಯ ಎದೆಯ ಮೇಲೂ ಈಗ ಒಂದು ಬಿಲ್ಲೆ ಇತ್ತು. 'ಮಾರುಕಟ್ಟೆ ರಕ್ಷಣೆ' ಅಂತ ಬರೆಸಿಕೊಂಡಿದ್ದನಂತೆ.

"ಬೋಳಿಮಕ್ಕಳು! ಇರಿದವನಿಗೆ ಬಿಲ್ಲೆ, ಕುಯ್ಯೋರಿಗೆ ಚಮಚ," ಅಂತ ಎಡಚಿ ಒಂದು ಮಧ್ಯಾಹ್ನ ಉಗಿದಳು.

ಪಕ್ಕದಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದವಳು ಆ ಹಮಾಲಿಯ ಹೆಂಡತಿಯೇ. ಕೈ ನಿಲ್ಲಿಸದೆ ಅಂದಳು: "ನೀನೇನಾದ್ರೂ ಅನ್ನು. ನಂಗೆ ಕತ್ತಿ ಕಣ್ಣಿಗೆ ಬೀಳದಿದ್ರೆ ಸಾಕಾಗಿದೆ. ಅವತ್ತು ಅವನ ಕೈಗೆ ಚೂರಿ ಸಿಗದಿದ್ರೆ ಆ ಸಿಟ್ಟು ಎರಡು ಏಟಲ್ಲಿ ಮುಗೀತಿತ್ತೇನೋ. ನನ್ನ ಗಂಡ ಮುರಿದ ಹಲ್ಲು ಹಿಡ್ಕೊಂಡು ಮನೆಗೆ ಬರ್ತಿದ್ದ."

ಎಡಚಿ ಚಮಚ ಎತ್ತಿಕೊಂಡು ಮತ್ತೆ ಹುರುಪೆ ಕೆರೆಯತೊಡಗಿದಳು.

ಅದಾಗಿ ಒಂಬತ್ತೇ ದಿನಕ್ಕೆ ಗೂಳಿ ಕಬ್ಬಿಣದ ಸಲಾಕೆ ಬೀಸಿ ಒಬ್ಬ ಗಾಡಿಯವನ ತಲೆ ಒಡೆದ. ಗಾಡಿಯವನಿಗೆ ಇನ್ನೂ ಮಾತು ಬಂದಿಲ್ಲ. ಠಾಣೆಯ ಬಾಗಿಲಿನ ಕಪ್ಪು ಹಲಗೆಯ ಮೇಲೆ ಬಿಳಿ ಸುಣ್ಣದಲ್ಲಿ ಬರೆದದ್ದು ಬದಲಾಗಲಿಲ್ಲ: 'ಈ ಮೂರು ತಿಂಗಳಲ್ಲಿ ಇರಿತ: ಸೊನ್ನೆ.'

"ಸಲಾಕೆಯದ್ದು ಇದರಲ್ಲಿ ಬರಲ್ಲ ಕಣಮ್ಮ," ಪೇದೆ ಎಡಚಿಗೆ ಹೇಳಿದ. "ಅದು ಬೇರೆ ಪುಸ್ತಕ."

"ಆ ಪುಸ್ತಕ ಯಾರು ಓದ್ತಾರೆ?"

"ಯಾರೂ ಕೇಳಿಲ್ಲ."

ಎಡಚಿ ಅವತ್ತು ಠಾಣೆಯ ಬಾಗಿಲಿಗೆ ಹೋದದ್ದು ಹಲಗೆ ಓದಲಿಕ್ಕಲ್ಲ. ಬೆಳಗ್ಗೆ ಗೋಡೆಯ ಬಿರುಕಿನಲ್ಲಿ ಅವಳು ಒಂದು ನೋಟ ನೋಡಿದ್ದಳು: ವಾರಗಿತ್ತಿ ಗೋಣಿಪಟ್ಟೆ ಸುತ್ತಿದ ಉದ್ದನೆಯದೊಂದನ್ನು ನೀರಿನ ಹಂಡೆಯ ಹಿಂದಕ್ಕೆ ತಳ್ಳಿ, ಅತ್ತಿತ್ತ ನೋಡಿ, ಮೇಲೊಂದು ಹಳೇ ಚಾಪೆ ಎಳೆದಳು. ಒಂದು ಬಿಲ್ಲೆಗೆ ಒಂದೇ ಕತ್ತಿ. ಎರಡನೆಯದು ಸಿಕ್ಕರೆ ಬಿಲ್ಲೆಯೂ ಹೋಗುತ್ತದೆ, ಜೈಲೂ ಆಗುತ್ತದೆ. ಒಂದು ಸಾಲದೇನೇ ನಿನಗೆ? ನನ್ನ ಕೈ ಬರಿದಾಗಿರುವಾಗ ನಿನಗೆ ಎರಡು ಬೇಕಾ?

"ನಾನು ಹೇಳಿದ್ದು ಅನ್ನಬೇಡಿ," ಅಂದಳು ಪೇದೆಗೆ. ದಾರಿಯುದ್ದಕ್ಕೂ ಮಾತು ಗಂಟಲಲ್ಲೇ ಇತ್ತು. ಬಾಗಿಲಿಗೆ ಬಂದದ್ದೇ ತಾನಾಗಿ ಉರುಳಿತು.

ಮಾರನೇ ದಿನ ಮಾರುಕಟ್ಟೆ ತುಂಬಿರುವಾಗಲೇ ಠಾಣೆಯವರು ಬಂದರು. ವಾರಗಿತ್ತಿಯನ್ನು ಕಟ್ಟೆಯಿಂದ ಕೂದಲು ಹಿಡಿದು ಇಳಿಸಿದರು. ಪೇದೆ ಬಿಲ್ಲೆಯನ್ನು ಕಿತ್ತ ರಭಸಕ್ಕೆ ಅವಳ ರವಿಕೆ ಎದೆಯ ಮೇಲೆ ಹರಿಯಿತು. ಗೂಳಿ ಸಿಳ್ಳೆ ಹಾಕಿದ. ಅವಳು ಹರಿದದ್ದನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, "ಅಕ್ಕಾ, ಒಲೆ ಮೇಲೆ ಗಂಜಿ ಇದೆ, ಇಳಿಸಿಬಿಡಿ," ಅಂದು ಹೋದಳು.

ಎಡಚಿ ಹೋಗಿ ಗಂಜಿ ಇಳಿಸಿದಳು. ಬಂದು ಕಟ್ಟೆಯ ಮೇಲೆ ಕೂತಳು. ಎಷ್ಟು ದಿನದ ಮೇಲೆ ಈ ಎತ್ತರದಿಂದ ಗಿರಾಕಿಗಳ ಮುಖ ಕಾಣುತ್ತಿದೆ! ಹೊಟ್ಟೆಯೊಳಗಿನ ಕೆಂಡಕ್ಕೆ ಯಾರೋ ನೀರು ಹೊಯ್ದ ಹಾಗೆ ಚುಂಯ್ ಅಂದಿತು. ತಣ್ಣಗೆ ಮಾತ್ರ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಠಾಣೆಯಿಂದ ಕರೆ ಬಂತು. ಹೋದರೆ ಸಾಹೇಬ ನಗುನಗುತ್ತ ಕೂತಿದ್ದ. ಅವನ ಮೇಜಿನ ಮೇಲೆ ಒಂದು ಉದ್ದ ಮೀನು ಕಾಗದದ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಕಂಬಿಯ ಕೋಣೆ. ಅದರೊಳಗೆ ಗೋಡೆಗೊರಗಿ ವಾರಗಿತ್ತಿ.

"ಬಾರೇ ಎಡಚಿ. ಮಧ್ಯಾಹ್ನದ ಊಟಕ್ಕೆ ದೊಡ್ಡ ಸಾಹೇಬರು ಬರ್ತಿದ್ದಾರೆ. ನಮ್ಮಲ್ಲಿ ಇರಿತ ನಿಂತೇ ಹೋಯ್ತು ಅಂತ ಕೇಳಿ ನೋಡೋಕೆ ಬರ್ತಿರೋದು. ಕುಯ್ಯೋಳು ಒಳಗಿದ್ದಾಳೆ. ಇನ್ಮೇಲೆ ನೀನೇ. ತಗೋ ಬಿಲ್ಲೆ." ಹಿತ್ತಾಳೆ ಮೇಜಿನ ಮೇಲೆ ಟಣ್ಣೆಂದಿತು. "ಕತ್ತಿಗೆ ಎಲ್ಲೂ ಹೋಗಬೇಡ. ಅವಳ ಮನೇಲಿ ಸಿಕ್ಕಿದ್ದರಲ್ಲೇ ಕುಯ್ಯಿ."

ಗೋಣಿಪಟ್ಟೆ ಬಿಚ್ಚಿ ಅವನು ಕತ್ತಿಯನ್ನು ಅವಳ ಕಡೆಗೆ ತಳ್ಳಿದ. ಎಡಚಿ ಎತ್ತಿಕೊಂಡಳು. ಕಣ್ಣು ನೋಡುವ ಮೊದಲೇ ಹೆಬ್ಬೆರಳು ಹೋಗಿ ಗುಳಿಯಲ್ಲಿ ಕೂತಿತು.

ತಿರುಗಾ ಸಾಣೆ. ಅತ್ತೆಯ ಕತ್ತಿ. ತುದಿ ಮಾತ್ರ ಒಂದಿಷ್ಟು ಸವೆದಿತ್ತು, ಯಾರೋ ಕಲ್ಲಿಗೆ ಉಜ್ಜಿದ ಹಾಗೆ.

"ಇದು ನಿನ್ನ ಹತ್ರ ಹೇಗೆ ಬಂತೇ?" ಎಡಚಿ ಕಂಬಿಯ ಕಡೆ ತಿರುಗಿದಳು.

"ಬಿಲ್ಲೆಗೆ ಮುದ್ರೆ ಹಾಕಿಸೋಕೆ ಬಂದಾಗ ಡ್ರಮ್ಮಿಂದ ಕದ್ದೆ ಅಕ್ಕಾ," ಕಂಬಿಯಾಚೆಯಿಂದ ಅಂದಳು ವಾರಗಿತ್ತಿ. "ದಿನಾ ಒಂದಿಷ್ಟು ಉಜ್ಜಿ ಆರಿಂಚಿಗೆ ತಂದು ಕೊಡೋಣ ಅಂತಿದ್ದೆ. ಎಂಥ ಕಬ್ಬಿಣವೋ ಏನೋ, ಸವೀದೇ ಇಲ್ಲ. ಮೊದಲೇ ಹೇಳಿದ್ರೆ ನೀವು ಕುಣಿದಾಡಿ ಊರಿಗೆಲ್ಲ ಡಂಗುರ ಹೊಡೀತಿದ್ರಿ."

ಸಾಹೇಬನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮುಂಡೇದೇ! ಇದನ್ನ ಹಿಡ್ಕೊಟ್ಟವಳು ಈ ಎಡಚಿಯೇ ಕಣೇ! ನಿಮ್ಮಂಥವರನ್ನ ಹಿಡಿಯೋಕೆ ನಮಗೆ ನಾಯಿ ಯಾಕೆ ಬೇಕು, ನೀವೇ ಇರುವಾಗ?"

ಕಂಬಿಯಾಚೆಯ ಮುಖ ಎಡಚಿಯ ಕಡೆ ತಿರುಗಿತು. ಸುಮ್ಮನೆ ನೋಡಿತು, ಆಮೇಲೆ ಗೋಡೆಯ ಕಡೆಗೆ ಹೊರಳಿತು.

"ಕತ್ತಿ ನಂದು ಸ್ವಾಮಿ," ಅಂದಳು ಎಡಚಿ. "ಅವಳನ್ನ ಬಿಡಿ."

"ಏನಂದೆ?"

"ನಂದು. ಬರ್ಕೊಳ್ಳಿ. ಬಲಗೈಲಿ ಇದನ್ನ ಹಿಡಿದು ಒಂದು ತುಂಡು ನೆಟ್ಟಗೆ ಕುಯ್ದು ತೋರಿಸಿ, ನಿಮ್ಮದು ಅಂತೀನಿ."

"ಹಾಗಾದ್ರೆ ನೀನೂ ಒಳಗೆ. ಕದ್ದದ್ದಕ್ಕೆ ಅವಳೂ ಒಳಗೇ. ಮೊದ್ಲು ಮೀನು ಕುಯ್ಯಿ."

ಮೇಜಿನ ಮೇಲೆ ದೊಡ್ಡ ಸಾಹೇಬರಿಗೆ ತೋರಿಸಲೆಂದು ದಪ್ಪ ಪುಸ್ತಕ ತೆರೆದಿಟ್ಟಿತ್ತು. ಪುಟ ತುಂಬ ಸೊನ್ನೆಗಳು, ಗುಂಡು ಗುಂಡಗೆ, ಮುದ್ದಾಗಿ ಬರೆದವು. ಎಡಚಿ ಮೀನನ್ನು ಬಾಲ ಹಿಡಿದು ಎತ್ತಿ ಪುಸ್ತಕದ ಮೇಲೆ ಮಲಗಿಸಿದಳು.

"ಏಯ್! ಏಯ್, ತೆಗಿಯೇ ಅದನ್ನ!"

ಎಡಗೈ ಒಂದೇ ಎಳೆತಕ್ಕೆ ಗಂಟಲಿಂದ ಬಾಲದವರೆಗೆ ಸೀಳಿತು. ಹತ್ತೊಂಬತ್ತು ವರ್ಷದ ಕೈ. ಮುಳ್ಳು ಕರಕರ ಅನ್ನಲೂ ಇಲ್ಲ. ಕರುಳು ಪುಟದ ಮೇಲೆ ಜಾರಿತು, ಶಾಯಿ ರಕ್ತದೊಂದಿಗೆ ಹರಿಯಿತು. ಅವಳು ಬಿಲ್ಲೆಯನ್ನು ಎತ್ತಿ ಮೀನಿನ ಹೊಟ್ಟೆಯೊಳಗಿಟ್ಟು, ಎರಡೂ ಸೀಳನ್ನು ಕೂಡಿಸಿ ಮುಚ್ಚಿದಳು.

"ಕುಯ್ದಿದ್ದೀನಿ ಸ್ವಾಮಿ. ದೊಡ್ಡವರಿಗೆ ಬಡಿಸಿ."

ಪೇದೆ ಓಡಿ ಬಂದು ಅವಳ ರಟ್ಟೆ ತಿರುಚಿದ. ಕತ್ತಿ ಕೆಳಗೆ ಬಿತ್ತು. ಸಾಹೇಬ ಬೂಟುಗಾಲಲ್ಲಿ ಒದ್ದದ್ದು ಎಲ್ಲಿಗೆ ತಗುಲಿತೋ ಅವಳಿಗೆ ಗೊತ್ತಾಗಲಿಲ್ಲ. ಕಂಬಿಯ ಬಾಗಿಲು ಕಿರ್ರೆಂದು ತೆರೆದು, ಅವಳು ಒಳಗೆ ಬಿದ್ದು, ಹಿಂದೆ ಬೀಗ ಬಿತ್ತು.

ಇಬ್ಬರಿಗೆ ಸಾಲುವಷ್ಟು ಜಾಗ ಅದಲ್ಲ. ಬಾಗಿಲ ಹತ್ತಿರ ಒದ್ದೆ ನೆಲ. ಒಣಗಿದ್ದು ವಾರಗಿತ್ತಿ ಕೂತ ಗೋಡೆಯ ಬದಿಯೊಂದೇ. ಎಡಚಿ ಒದ್ದೆಯಲ್ಲೇ ನಿಂತಳು.

"ಸ್ವಲ್ಪ ಸರೀತೀಯಾ?" ಅಂದಳು ಕೊನೆಗೆ.

"ಗಂಜಿ ಇಳಿಸಿದ್ರಾ?"

"ಇಳಿಸಿದೆ."

ವಾರಗಿತ್ತಿ ಮುಖ ತಿರುಗಿಸಲಿಲ್ಲ. ಗೋಡೆಯನ್ನೇ ನೋಡುತ್ತ, ಚಾಚಿದ್ದ ಕಾಲುಗಳನ್ನು ಒಂದು ಗೇಣಷ್ಟು ಹಿಂದಕ್ಕೆ ಎಳೆದುಕೊಂಡಳು.