ಪಾರ್ಕಿಗೆ ಹೊರಟ ತೃಪ್ತಿ

ಚೆನ್ನೈನ ವೇಲಚೇರಿಯಲ್ಲಿ ನಮ್ಮ ಎದುರಿನ ಫ್ಲ್ಯಾಟು ವಿಷ್ಣುತೀರ್ಥರದು. ಬ್ಯಾಂಕಿನಿಂದ ನಿವೃತ್ತರು, ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಕಷ್ಟ ಎಂದವರಿಗೆ ಆಗುವ ಮನುಷ್ಯ. ಆದರೆ ಅವರ ಮನೆಯ ಒಂದು ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗ್ಗೆ ಅವರು ಹೊರಡುವ ಹೊತ್ತಿಗೆ ಸೊಸೆ ಶ್ರೀಪ್ರಿಯಾ ತನ್ನ ಮಗಳು ತೃಪ್ತಿಯ ಗಾಲಿಕುರ್ಚಿಯನ್ನು ಒಳಕೋಣೆಗೆ ತಳ್ಳಿ ಬಾಗಿಲು ಮುಚ್ಚಬೇಕು. ನಡೆಯಲಾರದ ಮಗು ಎದುರಾದರೆ ಹೊರಟ ಕೆಲಸ ಕೆಡುತ್ತದಂತೆ. ಅದೂ ಸ್ವಂತ ಮೊಮ್ಮಗಳು!

"ನಾನೇನು ಅವಳನ್ನ ಬೈತೀನಾ ಜಲಜಾ? ಸಂಜೆ ಪಕ್ಕದಲ್ಲೇ ಕೂಡಿಸ್ಕೊಂಡು ಕಥೆ ಹೇಳ್ತೀನಿ. ಶಕುನ ಅನ್ನೋದು ಹಿರಿಯರು ಮಾಡಿಟ್ಟಿದ್ದು," ಎನ್ನುತ್ತಿದ್ದರು ನನಗೆ.

ಬಾಲ್ಕನಿಯಿಂದ ಪಾರ್ಕು ಕಾಣುತ್ತದೆ. "ಆಂಟಿ, ಅಂದ ಊಂಜಲ್‌ಲ ಉಕ್ಕಾಂದಾ ಎಪ್ಪಡಿ ಇರುಕ್ಕುಂ?" ಎಂದು ತೃಪ್ತಿ ಒಮ್ಮೆ ತಮಿಳಿನಲ್ಲಿ ಕೇಳಿದಳು. ಉಯ್ಯಾಲೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ಮಗು ಕೇಳಿದರೆ ಏನು ಹೇಳುವುದು? ಬೈಕುಗಳು ನುಗ್ಗುತ್ತವೆಂದು ಪಾರ್ಕಿನ ಗೇಟಿಗೆ ಸಂಘದವರು ಒತ್ತೊತ್ತಾಗಿ ಕಬ್ಬಿಣದ ಕಂಬ ನೆಡಿಸಿದ್ದರು. ಗಾಲಿಕುರ್ಚಿ ಅಲ್ಲಿಯೇ ನಿಲ್ಲಬೇಕು.

ಅಷ್ಟರಲ್ಲಿ ಪಾಲಿಕೆಯವರು ಪಾರ್ಕನ್ನು ಹೊಸದು ಮಾಡಲು ಹೊರಟರು. ಬೀದಿಯವರು ಬೇಕೆಂದರೆ ಇಳಿಜಾರು ದಾರಿ, ಗಾಲಿಕುರ್ಚಿ ಸಮೇತ ಕೂರುವ ಉಯ್ಯಾಲೆ ಹಾಕಿಸುತ್ತೇವೆ ಎಂದರು. ಮರುದಿನ ಬೆಳಗ್ಗೆ ಇಂಜಿನಿಯರಮ್ಮ ಪಾರ್ಕಿಗೆ ಬಂದು ವಿಷ್ಣುತೀರ್ಥರನ್ನು ಕೇಳುವವರಿದ್ದರು.

"ಬೇಕು ಅಂತ ಹೇಳ್ಬಿಡಿ ಮಾವ," ಎಂದಳು ಶ್ರೀಪ್ರಿಯಾ. ನಾನೂ ಅಲ್ಲೇ ಇದ್ದೆ.

"ಯಾರಿಗೆ ಅಂತ ಕೇಳಿದ್ರೆ? ನಮ್ಮನೇಲಿ ಇಂಥ ಮಗು ಇದೆ ಅಂತ ಊರಿಗೆಲ್ಲ ಸಾರಬೇಕಾ? ಅವಳ ಪ್ರಾರಬ್ಧ, ಅನುಭವಿಸಬೇಕು."

"ಕಾಲು ಪ್ರಾರಬ್ಧ ಅಂತಲೇ ಇಟ್ಕೊಳ್ಳಿ ಮಾವ. ಕಂಬ ನೆಡಿಸಿದ್ದು ನೀವಲ್ವಾ?"

"ಅಧಿಕಪ್ರಸಂಗ ಬೇಡ!"

ಬೆಳಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದಾಗ ಎದುರುಮನೆಯಲ್ಲಿ ತೃಪ್ತಿ ಹೊಸ ಫ್ರಾಕು ತೊಟ್ಟು ಹಜಾರದ ನಡುವೆಯೇ ಕೂತಿದ್ದಳು.

"ಒಳಗೆ ಕರ್ಕೊಂಡು ಹೋಗು ಶ್ರೀಪ್ರಿಯಾ, ಹೊರಡೋ ಹೊತ್ತು."

"ಇಲ್ಲ ಮಾವ. ಇನ್ಮೇಲೆ ನನ್ನ ಮಗಳನ್ನ ಒಳಗೆ ತಳ್ಳಲ್ಲ." ಅವಳು ಕುರ್ಚಿಯ ಹಿಡಿ ಬಿಡಲಿಲ್ಲ.

ಅಪಶಕುನವಾದರೆ ಒಳಗೆ ಹೋಗಿ ನೀರು ಕುಡಿದು, ತುಸು ಕೂತು, ಮತ್ತೆ ಹೊರಡುವುದು ಅವರ ಕ್ರಮ. ಮುದುಕರು ಹಾಗೆಯೇ ಒಳಗೆ ಹೋಗಿ ಕೂತರು. ಅವರು ನೀರು ಕುಡಿದು ಏಳುವಷ್ಟರಲ್ಲಿ ನಾನೂ ಶ್ರೀಪ್ರಿಯಾಳೂ ತೃಪ್ತಿಯೊಂದಿಗೆ ಲಿಫ್ಟಿನಲ್ಲಿ ಇಳಿದು ಪಾರ್ಕಿನ ಗೇಟು ಸೇರಿದ್ದೆವು. ಕಂಬಗಳ ಮುಂದೆ ಕುರ್ಚಿ ನಿಂತಿತು. ವಿಷ್ಣುತೀರ್ಥರು ಬಂದವರೇ ಮುಖ ಆ ಕಡೆ ತಿರುಗಿಸಿ, ನಮ್ಮನ್ನು ದಾಟಿಕೊಂಡು ಕಂಬಗಳ ಸಂದಿಯಲ್ಲಿ ಒಳಗೆ ನಡೆದರು. ಛೇ, ಎಂಥ ಕಲ್ಲು ಮನಸ್ಸು ಎನ್ನಿಸಿತು.

ಒಳಗಿದ್ದ ಇಂಜಿನಿಯರಮ್ಮ ಅವರನ್ನು ತಮಿಳಿನಲ್ಲಿ ಕೇಳಿದರು, ಈ ಬೀದಿಯಲ್ಲಿ ಗಾಲಿಕುರ್ಚಿಯವರು ಯಾರಾದರೂ ಇದ್ದಾರೆಯೇ ಎಂದು.

"ಅಪ್ಪಡಿ ಯಾರುಂ ಇಲ್ಲಮ್ಮಾ," ಎಂದರು ಅವರು. ಯಾರೂ ಇಲ್ಲವಂತೆ.

"ತಾತಾ! ನಾನ್ ಇರುಕ್ಕೇನ್!" ತೃಪ್ತಿ ಕಂಬದಾಚೆಯಿಂದ ಕೈಯೆತ್ತಿ ಕೂಗಿದಳು. ಸಿಟ್ಟಿನಿಂದಲ್ಲ. ತಾತ ಮರೆತುಬಿಟ್ಟಿದ್ದಾರೆ, ತಾನಿದ್ದೇನೆಂದು ನೆನಪಿಸಬೇಕು ಎಂದೇ ಆ ಮಗು ತಿಳಿದಿತ್ತು.

ವಿಷ್ಣುತೀರ್ಥರು ತಿರುಗಿದರು. ಗೇಟಿನ ಬಳಿ ಬಂದು ಮೊಮ್ಮಗಳ ಮುಖ ನೋಡಿದರು. ಕಣ್ಣು ತುಂಬಿತ್ತು. "ಎನ್ ಪೇತ್ತಿಮ್ಮಾ," ಎಂದರು ಹಿಂದೆಯೇ ಬಂದ ಇಂಜಿನಿಯರಮ್ಮನಿಗೆ, "ನನ್ನ ಮೊಮ್ಮಗಳು. ಮೊದಲು ಈ ಕಂಬ ತೆಗೆಸಿ."

ಕಂಬ ಹೋಯಿತು, ಇಳಿಜಾರು ಬಂತು. ಉಯ್ಯಾಲೆಗಾಗಿ ಇನ್ನೂ ಪಾಲಿಕೆಗೆ ಓಡಾಡುತ್ತಿದ್ದೇವೆ, ಬಿಡುವುದಿಲ್ಲ.

ದಾರಿ ತೆರೆದ ಸಂಜೆ ತೃಪ್ತಿಯನ್ನು ತಾತನೇ ತಳ್ಳಿಕೊಂಡು ಬಂದರು. ಅವರ ಹಿಂದೆ ವಯಸ್ಸಾದ ಹೆಂಗಸೊಬ್ಬರು ಇನ್ನೊಂದು ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅದರಲ್ಲಿದ್ದವನ ಗಡ್ಡ ನರೆತಿತ್ತು.

"ನಿಮ್ಮ ಹಿಂದುಗಡೆ ಬಿಲ್ಡಿಂಗಿನವರೇ ನಾವು," ಎಂದರು ಆಕೆ ತಮಿಳಿನಲ್ಲಿ. "ಇವನು ನನ್ನ ಮಗ. ಪಾರ್ಕಿಗೆ ಬರ್ತಿರೋದು ಇದೇ ಮೊದಲು."