ಆದರೆ ಮೇಷ್ಟ್ರು

ಮಾತಿನ ನಡುವೆ 'ಆದರೆ' ಎಂದು ನಿಂತುಬಿಡುವುದು ಮೇಷ್ಟ್ರ ಹುಟ್ಟುಗುಣ. ಆಗಷ್ಟೇ ಅಡಿಪಾಯದಿಂದ ಕಟ್ಟಿ ನಿಲ್ಲಿಸಿದ ತಮ್ಮ ವಾದಕ್ಕೆ ತಾವೇ ಪ್ರತಿವಾದಿಯಾಗಿ, ಕನ್ನಡಕವನ್ನು ಹಣೆಗೇರಿಸಿ, ತರಗತಿಯ ಅಸ್ತಿತ್ವವನ್ನೇ ಮರೆತು ಮೌನವಾಗುತ್ತಿದ್ದರು. ವಿದ್ಯಾರ್ಥಿಗಳು ಅವರಿಗೆ 'ಆದರೆ ಮೇಷ್ಟ್ರು' ಎಂದು ಹೆಸರಿಟ್ಟದ್ದು ಇದಕ್ಕೇ. ಒಂದು ಭುಜವನ್ನು ತುಸು ಮುಂದೆ ಚಾಚಿ, ಗುಂಪಿನಲ್ಲಿ ದಾರಿ ಬಿಡಿಸಿಕೊಳ್ಳುವವರಂತೆ ಓರೆಯಾಗಿ ನಡೆಯುತ್ತಿದ್ದರು. ದಪ್ಪ ಪುಸ್ತಕಗಳನ್ನು ತುರುಕಿ ತುರುಕಿ ಕಂದು ಕೋಟಿನ ಜೇಬುಗಳು ಜೋತುಬಿದ್ದಿದ್ದವು. ಹೊಸದು ಹೊಲಿಸಿ ಎಂದು ಹೆಂಡತಿ ಹೇಳಿದರೆ, "ಈ ಜೇಬುಗಳು ಪಳಗಿವೆ ಕಣೇ" ಅಂದುಬಿಡುತ್ತಿದ್ದರು.

ವಿದ್ಯಾರ್ಥಿನಿಯೊಬ್ಬಳು ಅವರ ಬಳಿ ಸಂಶೋಧನೆಗೆ ಸೇರಿದ್ದು ಒಬ್ಬ ಹಳೆಯ ವಿಡಂಬನಕಾರನ ತತ್ತ್ವಚಿಂತನೆಯ ಮೇಲೆ. ವೈದ್ಯರು, ನ್ಯಾಯಾಧೀಶರು, ಪಂಡಿತರು ಎನ್ನದೆ ಎಲ್ಲರನ್ನೂ ಝಾಡಿಸಿದ ಆ ಲೇಖಕನ ಬಗ್ಗೆ ಮೇಷ್ಟ್ರದೇ ಒಂದು ಪ್ರಸಿದ್ಧ ಗ್ರಂಥವಿತ್ತು. ಮನುಷ್ಯ ಎಂದಿಗೂ ತಿದ್ದಿಕೊಳ್ಳಲಾರ ಎಂಬ ನಿರಾಶೆಯೇ ಅವನ ದರ್ಶನವೆಂಬುದು ಅದರ ನಿಲುವು. ಅದನ್ನೇ ನಂಬಿ ಓದಲು ಕೂತವಳಿಗೆ ಬರಬರುತ್ತ ಬೇರೆಯೇ ಕಂಡಿತು. ಅಳುಕುತ್ತಲೇ ಅವರ ಕೋಣೆಗೆ ಹೋದಳು.

"ಸರ್, ಕೈಬಿಟ್ಟವರು ಯಾರೂ ಇಷ್ಟು ಬೈಯಲ್ಲ. ನಮ್ಮಮ್ಮ ಬೈಯೋದು ನನ್ನ ಮೇಲೆ ಆಸೆ ಇರೋದಕ್ಕೇ. ಇವನ ಸಿಟ್ಟೂ ಹಾಗೇ ಅನ್ಸುತ್ತೆ. ಅದೂ ಅಲ್ದೆ, ಮೂರ್ಖರ ಸಾಲಲ್ಲಿ ತನಗೂ ಒಂದು ಜಾಗ ಇಟ್ಕೊಂಡಿದಾನೆ."

ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಕೂತರು. ಮುಖ ಕಂದಿತ್ತು. "ಹಾಗಾದ್ರೆ ನನ್ನ ಪುಸ್ತಕ?" ಎಂದರು. ಮತ್ತೆ ಅವಳತ್ತ ತಿರುಗಿ, "ಬರಿಯಮ್ಮ. ಸಡಿಲವಾಗಿ ಬರೆದ್ರೆ ಮಾತ್ರ ಬಿಡಲ್ಲ" ಎಂದರು.

ಆಮೇಲೆ ಒಂದೊಂದು ಅಧ್ಯಾಯವನ್ನೂ ಎದುರುಪಕ್ಷದ ವಕೀಲರಂತೆ ಜಾಲಾಡಿದರು. ತಮ್ಮ ವಾದಕ್ಕೆ ಅವಳು ಕೊಟ್ಟ ಪೆಟ್ಟು ಮೆತ್ತಗಾದಲ್ಲೆಲ್ಲ ಅಂಚಿನಲ್ಲಿ 'ಇನ್ನೂ ಬಿಗಿಯಾಗಲಿ' ಎಂದು ಪೆನ್ಸಿಲಿನಲ್ಲಿ ಗೀಚಿದರು.

ಮೌಖಿಕ ಪರೀಕ್ಷೆಯ ದಿನ, ಹೊರಗಿನಿಂದ ಬಂದ ಪರೀಕ್ಷಕರು ಅದೇ ಗ್ರಂಥವನ್ನು ಮೇಜಿನ ಮೇಲಿಟ್ಟು, "ಇಷ್ಟು ದೊಡ್ಡ ವಿದ್ವಾಂಸರನ್ನೇ ಅಲ್ಲಗಳೀತೀಯಲ್ಲ, ಏನಮ್ಮ ನಿನ್ನ ಧೈರ್ಯ?" ಎಂದರು. ಅವಳು ಪ್ರಬಂಧದ ಹಾಳೆ ಮಗುಚತೊಡಗಿದಳು.

ಮೇಷ್ಟ್ರು ಎದ್ದು ನಿಂತರು. "ಆ ವಿದ್ವಾಂಸರು ಇಲ್ಲೇ ಇದಾರೆ. ಅವರನ್ನ ಈ ಹುಡುಗಿ ಆಗಲೇ ಒಪ್ಪಿಸಿದಾಳೆ. ನಿಮ್ಮದೇನಾದ್ರೂ ಪ್ರಶ್ನೆ ಇದ್ರೆ ಕೇಳಿ."

ಕೋಣೆಯಲ್ಲಿ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಪ್ರಶ್ನೆಗೆಲ್ಲ ಅವಳಿಂದ ಉತ್ತರ ಬಂತು. ಪದವಿಯೂ ಬಂತು.

ಈಗ ಅವಳೂ ಪಾಠ ಹೇಳುತ್ತಾಳೆ. ತಮಗೆ ತಿಳಿದದ್ದನ್ನು ಧಾರೆಯೆರೆಯುವ ಗುರುಗಳು ಅನೇಕರು ಸಿಕ್ಕಾರು; ತಾವು ಕಟ್ಟಿದ್ದನ್ನು ಕೆಡವುವವರ ಕೈಗೆ ಹಾರೆ ಕೊಟ್ಟು, ಅದನ್ನು ಹಿಡಿಯುವ ವರಸೆಯನ್ನೂ ತಿದ್ದುವವರು ಸಿಗುವುದು ಪುಣ್ಯ. ಅಂಥವರ ಬಳಿ ಕಲಿತವರು, ತಮ್ಮ ಎದುರು ಯಾರಾದರೂ ಮೆಲ್ಲಗೆ "ಹಾಗಲ್ಲ ಅನ್ಸುತ್ತೆ" ಎಂದಾಗ, ಮೊದಲು ಕುರ್ಚಿ ಎಳೆದು ಕೂರಿಸುತ್ತಾರೆ.